ಸ್ಪೀಡೋಮೀಟರಿನ ಕೊಸರು

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ. ಡ್ಯಾಶ್‌ಬೋರ್ಡಿನ ಮುಳ್ಳನ್ನು ಸರಿಯಾಗಿ 100ಕ್ಕೆ ನಿಲ್ಲಿಸಿಕೊಂಡು ಹೋಗುವಾಗ, ಪಕ್ಕದ ಫೋನಿನಲ್ಲಿ ತೆರೆದಿಟ್ಟ ನಕಾಶೆ 95 ಅಥವಾ 96 ಎನ್ನುತ್ತದೆ. ಕಾರು ಒಂದೇ, ರಸ್ತೆ ಒಂದೇ, ಲೆಕ್ಕ ಮಾತ್ರ ಎರಡು. ಇದಕ್ಕೆ ಸಾಮಾನ್ಯವಾಗಿ ಮೂರು ವಿವರಣೆಗಳು ಕೇಳಿಬರುತ್ತವೆ: ಮೀಟರು ಕೆಟ್ಟಿದೆ, ಕಂಪನಿಯವರು ಕಾರು ಜೋರಾಗಿ ಓಡುತ್ತದೆ ಅನ್ನಿಸಲೆಂದು ಮೋಸ ಮಾಡಿದ್ದಾರೆ, ಇಲ್ಲವೇ ಫೋನಿನ ಲೆಕ್ಕ ನಂಬುವಂಥದ್ದಲ್ಲ. ಮೂರೂ ಸರಿಯಲ್ಲ. ಈ ಅಂತರದ ಬಹುಪಾಲನ್ನು ತಿಳಿದೇ ಇಟ್ಟಿರುತ್ತಾರೆ, ಇಡುವಂತೆ ಮಾಡುವುದು ಕಾನೂನು. ತಪ್ಪಿದರೆ ಹೆಚ್ಚಿನ ಕಡೆಗೆ ತಪ್ಪಲಿ ಎಂಬ ಆ ಕಾನೂನಿನ ದಿಕ್ಕು ಸರಿಯಾಗಿದೆ. ಎಷ್ಟು ತಪ್ಪಬಹುದು ಎಂಬ ಅಳತೆ ಮಾತ್ರ ಹಳೆಯ ಕಾಲದ್ದು.

ಮೊದಲು ಕಾರಿನ ಕಡೆಯ ಲೆಕ್ಕ. ಕಾರಿಗೆ ರಸ್ತೆಯ ಉದ್ದ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಚಕ್ರ ಎಷ್ಟು ಸುತ್ತು ತಿರುಗಿತು ಎಂಬುದಷ್ಟೇ. ಸುತ್ತಿನ ಎಣಿಕೆಯನ್ನು ಟೈರಿನ ಸುತ್ತಳತೆಯಿಂದ ಗುಣಿಸಿದರೆ ದೂರ, ಅದನ್ನು ಕಾಲದಿಂದ ಭಾಗಿಸಿದರೆ ವೇಗ. ಎಣಿಕೆಯಲ್ಲಿ ಈಗ ತಪ್ಪಾಗುವುದು ಅಪರೂಪ, ಬ್ರೇಕಿನ ಎಬಿಎಸ್ ವ್ಯವಸ್ಥೆಗೆಂದು ಚಕ್ರದ ಬಳಿ ಕೂರಿಸಿದ ಸಂವೇದಕಗಳು ಪ್ರತಿ ಸುತ್ತನ್ನೂ ಹತ್ತಾರು ಭಾಗ ಮಾಡಿ ಎಣಿಸುತ್ತವೆ. ಎಡವಟ್ಟಾಗುವುದು ಸುತ್ತಳತೆಯಲ್ಲಿ. 185/65 ಆರ್15 ಎಂದು ಬರೆದ ಟೈರನ್ನು ತೆಗೆದುಕೊಳ್ಳಿ. ಅದರ ಹೊರವ್ಯಾಸ ಸುಮಾರು 621 ಮಿ.ಮೀ. ಹೊಸದಿದ್ದಾಗ ಅದರ ಮೇಲಿನ ಅಚ್ಚು ಸುಮಾರು 8 ಮಿ.ಮೀ. ಆಳವಿರುತ್ತದೆ, 1.6 ಮಿ.ಮೀ.ಗೆ ಇಳಿದರೆ ಟೈರು ಬದಲಿಸಬೇಕೆಂದು ನಿಯಮ. ಅಂದರೆ ಟೈರಿನ ಆಯುಷ್ಯದಲ್ಲಿ ಅದರ ತ್ರಿಜ್ಯ ಆರೂವರೆ ಮಿ.ಮೀ.ನಷ್ಟು ಕುಗ್ಗುತ್ತದೆ, ಇದು ಶೇ. 2ಕ್ಕೆ ಸಮ. ಸಣ್ಣದಾದ ಚಕ್ರ ಅದೇ ದೂರಕ್ಕೆ ಹೆಚ್ಚು ಸುತ್ತು ತಿರುಗುತ್ತದೆ. ಹೊಸ ಟೈರಿನಲ್ಲಿ 100 ತೋರಿಸಿದ ಮೀಟರು ಸವೆದ ಟೈರಿನಲ್ಲಿ ಅದೇ ವೇಗಕ್ಕೆ 102 ತೋರಿಸುತ್ತದೆ. ಗಾಳಿ ಕಡಿಮೆಯಾದರೂ, ಐದು ಜನ ಕುಳಿತು ಡಿಕ್ಕಿ ತುಂಬ ಸಾಮಾನು ಹೇರಿದರೂ ತ್ರಿಜ್ಯ ಇನ್ನಷ್ಟು ಇಳಿಯುತ್ತದೆ. ಇದರ ಮೇಲೆ, ಒಂದೇ ಮಾದರಿಯ ಕಾರಿನ ಕಡಿಮೆ ಬೆಲೆಯ ಆವೃತ್ತಿಗೆ ಒಂದು ಅಳತೆಯ ಟೈರು, ದುಬಾರಿ ಆವೃತ್ತಿಗೆ ಇನ್ನೊಂದು.

ಎಣಿಕೆಯೂ ಇಷ್ಟು ಚೊಕ್ಕವಾಗಿರದ ಕಾಲವೊಂದಿತ್ತು. 1902ರಲ್ಲಿ ಜರ್ಮನಿಯ ಓಟೋ ಶುಲ್ಟ್ಸೆ ಪೇಟೆಂಟ್ ಪಡೆದ ಸ್ಪೀಡೋಮೀಟರು ಹೆಚ್ಚುಕಡಿಮೆ ಇಡೀ 20ನೇ ಶತಮಾನವನ್ನು ಆಳಿತು. ಗೇರ್‌ಬಾಕ್ಸಿನಿಂದ ಬಂದ ಕೇಬಲ್ಲು ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದನ್ನು ಆವರಿಸಿ, ಆದರೆ ಎಲ್ಲಿಯೂ ಮುಟ್ಟದೆ, ಅಲ್ಯೂಮಿನಿಯಮ್ಮಿನ ಬಟ್ಟಲೊಂದಿದೆ. ತಿರುಗುವ ಅಯಸ್ಕಾಂತ ಬಟ್ಟಲಿನಲ್ಲಿ ಸುಳಿ ವಿದ್ಯುತ್ತನ್ನು ಹುಟ್ಟಿಸಿ ಅದನ್ನೂ ತನ್ನ ಜೊತೆ ಎಳೆಯುತ್ತದೆ, ಕೂದಲೆಳೆಯಂಥ ಸ್ಪ್ರಿಂಗು ಅದನ್ನು ಹಿಂದಕ್ಕೆ ಜಗ್ಗುತ್ತದೆ. ಎರಡರ ಜಗ್ಗಾಟ ಎಲ್ಲಿ ಸಮವಾಗುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ. ಜಾಣತನದ ಯಂತ್ರವೇ ಸರಿ. ಆದರೆ ಅಯಸ್ಕಾಂತ ವರ್ಷಗಳುರುಳಿದಂತೆ ಬಲ ಕಳೆದುಕೊಳ್ಳುತ್ತದೆ, ಸ್ಪ್ರಿಂಗು ದಣಿಯುತ್ತದೆ, ಬಿಸಿಲಿಗೂ ಚಳಿಗೂ ಬಟ್ಟಲಿನ ವಿದ್ಯುತ್ ಗುಣ ಬದಲಾಗುತ್ತದೆ. ಇಂಥ ಮುಳ್ಳು ಯಾವ ಕಡೆಗೆ ತಪ್ಪುತ್ತದೆ ಎಂದು ಮೊದಲೇ ಹೇಳುವಂತಿರಲಿಲ್ಲ.

ನಿಯಮ ಮಾಡಿದವರ ಎದುರಿಗಿದ್ದದ್ದು ಈ ಯಂತ್ರ. ಯುರೋಪು ಮತ್ತು ಇನ್ನೂ ಹಲವು ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 39ನೇ ವಾಹನ ನಿಯಮ 1970ರ ದಶಕದ ಕೂಸು. ಮೀಟರು ತೋರಿಸುವ ವೇಗ ನಿಜವಾದ ವೇಗಕ್ಕಿಂತ ಎಂದೂ ಕಡಿಮೆಯಿರಕೂಡದು, ಹೆಚ್ಚಿದ್ದರೆ ನಿಜ ವೇಗದ ಶೇ. 10 ಮತ್ತು ಅದರ ಮೇಲೆ ಗಂಟೆಗೆ 4 ಕಿ.ಮೀ.ವರೆಗೆ ಇರಬಹುದು ಎಂದು ಅದು ಹೇಳುತ್ತದೆ. ನಿಜ ವೇಗ 80 ಇದ್ದಾಗ ಮೀಟರು 80ರಿಂದ 92ರವರೆಗೆ ಏನು ತೋರಿಸಿದರೂ ತಪ್ಪಿಲ್ಲ, 79 ತೋರಿಸಿದರೆ ತಪ್ಪು. ನಿಜ ವೇಗ 120 ಇದ್ದರೆ 136ರವರೆಗೂ ಮಾಫಿ! ನಮ್ಮಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ 117ನೇ ನಿಯಮ ಸ್ಪೀಡೋಮೀಟರನ್ನು ಕಡ್ಡಾಯ ಮಾಡಿದೆ, ಐಎಸ್ 11827 ಎಂಬ ಪ್ರತ್ಯೇಕ ಮಾನಕವೂ ಇದೆ. ಆದರೆ ಒಂದೇ ಕಾರನ್ನು ಹತ್ತು ದೇಶಗಳಿಗೆ ಮಾರುವ ಕಂಪನಿಗಳು ಅತಿ ಬಿಗಿಯಾದ ನಿಯಮಕ್ಕೆ ಹೊಂದುವಂತೆಯೇ ಮೀಟರು ಕೂರಿಸುವುದು ಸಹಜ.

ಈ ಒಮ್ಮುಖ ನಿಯಮದ ಎದುರು ಕಾರು ತಯಾರಕರ ಸ್ಥಿತಿ ಸಂತೆಯಲ್ಲಿ ಅಳೆದು ಕೊಡುವವನ ಸ್ಥಿತಿಯೇ. ಕಡಿಮೆ ಅಳೆದರೆ ದಂಡ, ಹೆಚ್ಚು ಅಳೆದರೆ ಕೇಳುವವರಿಲ್ಲ. ಹಾಗಾಗಿ ಆತ ಸರಿಯಾಗಿ ಅಳೆದ ಮೇಲೂ ಒಂದು ಹಿಡಿ ಕೊಸರು ಹಾಕುತ್ತಾನೆ. ಲೆಕ್ಕ ಹಾಕಿ ನೋಡಿ: ಟೈರಿನ ಸವೆತ, ಗಾಳಿ, ತಯಾರಿಕೆಯ ಏರುಪೇರು ಎಲ್ಲ ಸೇರಿ ಮೀಟರು ಎರಡೂ ಕಡೆಗೆ ಶೇ. 3ರಷ್ಟು ತೂಗಾಡುತ್ತದೆ ಎಂದಿಟ್ಟುಕೊಳ್ಳೋಣ. ಸರಾಸರಿಯನ್ನು ನಿಜ ವೇಗಕ್ಕೇ ಹೊಂದಿಸಿದರೆ ಕಾರ್ಖಾನೆಯಿಂದ ಹೊರಬೀಳುವ ಕಾರುಗಳಲ್ಲಿ ಅರ್ಧದಷ್ಟು ಕಡಿಮೆ ತೋರಿಸಿ ಕಾನೂನು ಮುರಿಯುತ್ತವೆ. ಒಂದೂ ಮುರಿಯಬಾರದೆಂದರೆ ಇಡೀ ಸರಾಸರಿಯನ್ನೇ ಶೇ. 3 ಮೇಲಕ್ಕೆ ಸರಿಸಬೇಕು, ಅದೂ ಅತಿ ದೊಡ್ಡ ಟೈರಿನ ಹೊಸ ಸ್ಥಿತಿಯನ್ನು ಲೆಕ್ಕಕ್ಕಿಟ್ಟುಕೊಂಡು. ಆಗ ಸಣ್ಣ ಟೈರಿನ, ಸವೆದ ಟೈರಿನ ಕಾರು ಶೇ. 5 ಅಥವಾ 6 ಹೆಚ್ಚು ತೋರಿಸಿದರೆ ಆಶ್ಚರ್ಯವಿಲ್ಲ. ಹೆದ್ದಾರಿಯಲ್ಲಿ ಕಾಣುವ ಅಂತರ ಹೆಚ್ಚುಕಡಿಮೆ ಇಷ್ಟೇ.

ಇದು ಬರೀ ಊಹೆ, ಮೀಟರೇ ಒರಟಾಗಿ ಅಳೆಯುತ್ತಿರಬಾರದೇಕೆ ಎಂದು ಯಾರಾದರೂ ಕೇಳಬಹುದು. ಉತ್ತರ ಅದೇ ಡ್ಯಾಶ್‌ಬೋರ್ಡಿನಲ್ಲಿದೆ. ಕ್ರಮಿಸಿದ ದೂರ ತೋರಿಸುವ ಓಡೋಮೀಟರಿಗೆ ಸುದ್ದಿ ಹೋಗುವುದೂ ಅದೇ ಚಕ್ರದ ಎಣಿಕೆಯಿಂದಲೇ. ಚಕ್ರದ ಅಳತೆಯೇ ಶೇ. 5 ತಪ್ಪಿದ್ದರೆ ದೂರವೂ ಶೇ. 5 ತಪ್ಪಬೇಕಿತ್ತು. ಸಾಮಾನ್ಯವಾಗಿ ಹಾಗಾಗುವುದಿಲ್ಲ, ಓಡೋಮೀಟರಿನ ದೂರ ನಕಾಶೆಯ ದೂರಕ್ಕೆ ಮುಳ್ಳಿಗಿಂತ ಬಹಳ ಹತ್ತಿರವಿರುತ್ತದೆ. ಮೆಕ್ಯಾನಿಕ್ಕುಗಳು ದೋಷ ಪತ್ತೆಗೆ ಯಂತ್ರ ಸಿಕ್ಕಿಸುವ ಓಬಿಡಿ ಪೋರ್ಟಿನಲ್ಲಿ ಕಂಪ್ಯೂಟರಿನ ಒಳಗಿನ ವೇಗವನ್ನು ಓದಬಹುದು. ಅನೇಕ ಕಾರುಗಳಲ್ಲಿ ಆ ಅಂಕಿ ಮುಳ್ಳಿಗಿಂತ ಕಡಿಮೆಯಿದ್ದು ಫೋನಿನ ಜಿಪಿಎಸ್ ಅಂಕಿಯ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಅಂದರೆ ಕಾರಿಗೆ ತನ್ನ ವೇಗ ಚೆನ್ನಾಗಿಯೇ ಗೊತ್ತು. ಕೊಸರು ಸೇರುವುದು ಅಳೆಯುವಾಗಲ್ಲ, ತೋರಿಸುವಾಗ.

ಇನ್ನು ಆಕಾಶದ ಕಡೆಯ ಲೆಕ್ಕ. ಉಪಗ್ರಹ ನಮ್ಮ ಕಾರನ್ನು ನೋಡುತ್ತಿರುತ್ತದೆ ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಅದಕ್ಕೆ ನಮ್ಮ ಸುದ್ದಿಯೇ ಇಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ಕಾಲದ ಗುರುತನ್ನು ಪ್ರಸಾರ ಮಾಡುತ್ತವೆ, ಲೆಕ್ಕ ಹಾಕುವುದು ನಮ್ಮ ಕೈಯಲ್ಲಿರುವ ಫೋನು. ಎರಡು ಕ್ಷಣಗಳ ಸ್ಥಾನ ನೋಡಿ ಕಳೆದರೆ ವೇಗ ಸಿಗುತ್ತದೆ, ನಿಜ. ಆದರೆ ಸ್ಥಾನದಲ್ಲಿ ಕೆಲವು ಮೀಟರುಗಳ ತಪ್ಪು ಇದ್ದೇ ಇರುವುದರಿಂದ ಅದು ಒರಟು ದಾರಿ. ನಯವಾದ ದಾರಿ 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ವಿವರಿಸಿದ ಪರಿಣಾಮದ್ದು. ಜಿಪಿಎಸ್ಸಿನ ಮುಖ್ಯ ತರಂಗದ ಆವರ್ತನ 1575.42 ಮೆಗಾಹರ್ಟ್ಸ್, ಅಲೆಯುದ್ದ 19 ಸೆಂ.ಮೀ. ಉಪಗ್ರಹದ ದಿಕ್ಕಿಗೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಸಾಗುವ ಗ್ರಾಹಕಕ್ಕೆ ಆ ಆವರ್ತನ ಸುಮಾರು 146 ಹರ್ಟ್ಸ್‌ನಷ್ಟು ಏರಿದಂತೆ ಕಾಣುತ್ತದೆ. ಉಪಗ್ರಹದ ಸ್ವಂತ ಓಟದಿಂದ ಬರುವ ವ್ಯತ್ಯಾಸ ಇದಕ್ಕಿಂತ ಹಲವು ಪಟ್ಟು ದೊಡ್ಡದು, ಆದರೆ ಉಪಗ್ರಹದ ಪಥ ಕರಾರುವಾಕ್ಕಾಗಿ ಗೊತ್ತಿರುವುದರಿಂದ ಅದನ್ನು ಕಳೆಯಬಹುದು. ನಾಲ್ಕಾರು ಉಪಗ್ರಹಗಳಿಂದ ಹೀಗೆ ಅಳೆದರೆ, ತೆರೆದ ಆಕಾಶದ ಕೆಳಗೆ ಒಂದೇ ಸಮ ಓಡುವ ಕಾರಿನ ವೇಗ ಗಂಟೆಗೆ ಒಂದು ಕಿ.ಮೀ.ಗಿಂತ ಕಡಿಮೆ ತಪ್ಪಿನೊಂದಿಗೆ ಸಿಗುತ್ತದೆ. ಇದರಲ್ಲಿ ಟೈರಿನ ಮಾತೇ ಇಲ್ಲ. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಕೇಂದ್ರವಿರುವ ನಮ್ಮ ದೇಶದ ನಾವಿಕ್ ಉಪಗ್ರಹ ವ್ಯವಸ್ಥೆಯದೂ ಇದೇ ತತ್ವ.

ಹಾಗಾದರೆ ಸ್ಪೀಡೋಮೀಟರು ಕಿತ್ತು ಜಿಪಿಎಸ್ ಕೂರಿಸಬಾರದೇಕೆ? ಏಕೆಂದರೆ ಮೇಲಿನ ಮಾತಿನಲ್ಲಿ ಎರಡು ಷರತ್ತುಗಳಿದ್ದವು, ತೆರೆದ ಆಕಾಶ ಮತ್ತು ಒಂದೇ ಸಮ ಓಟ. ಫೋನಿನ ಅಂಕಿ ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಅದೂ ಏರಿಳಿತ ತೆಗೆದು ನಯ ಮಾಡಿದ ಮೇಲೆ. ಸ್ವಲ್ಪ ಗಟ್ಟಿಯಾಗಿಯೇ ಬ್ರೇಕ್ ಒತ್ತಿದ ಕಾರು ಒಂದು ಸೆಕೆಂಡಿನಲ್ಲಿ ಗಂಟೆಗೆ 18 ಕಿ.ಮೀ. ವೇಗ ಕಳೆದುಕೊಳ್ಳಬಲ್ಲದು, ಫೋನು ಆಗಲೂ ಹಿಂದಿನ ಕ್ಷಣದ ಸುದ್ದಿಯನ್ನೇ ಹೇಳುತ್ತಿರುತ್ತದೆ. ಸುರಂಗದಲ್ಲಿ ಸಂಕೇತ ಸತ್ತೇಹೋಗುತ್ತದೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗಿನ ಡಬಲ್ ಡೆಕ್ಕರ್ ರಸ್ತೆಯಂತೆ ತಲೆಯ ಮೇಲೆ ಮೆಟ್ರೊ ಸೇತುವೆಯಿದ್ದರೆ, ಇಕ್ಕೆಲದಲ್ಲಿ ಎತ್ತರದ ಕಟ್ಟಡಗಳಿದ್ದರೆ, ನೇರ ಸಂಕೇತದ ಬದಲು ಗೋಡೆಗೆ ಬಡಿದು ಬಂದದ್ದು ಸಿಕ್ಕಿ ಅಂಕಿ ಕುಪ್ಪಳಿಸುತ್ತದೆ. ಘಾಟಿಯ ಇಳಿಜಾರಿನಿಂದ ತಪ್ಪಾಗುತ್ತದೆ ಎಂಬ ಆಕ್ಷೇಪವನ್ನು ಮಾತ್ರ ಬದಿಗಿಡಬಹುದು. ಲೆಕ್ಕ ಸಮತಟ್ಟಿನ ವೇಗದ್ದೇ ಆಗಿದ್ದರೂ, ನೂರು ಅಡಿಗೆ ಹತ್ತು ಅಡಿ ಏರುವ ಕಡಿದಾದ ದಾರಿಯಲ್ಲೂ ವ್ಯತ್ಯಾಸ ಶೇ. ಅರ್ಧವಷ್ಟೇ. ಸುರಂಗ ಹೊಕ್ಕರೂ ಆ ಕ್ಷಣದ ವೇಗವನ್ನು ಆ ಕ್ಷಣವೇ ಹೇಳುವುದು ಚಕ್ರದ ಎಣಿಕೆ.

ಇಬ್ಬರು ಸಾಕ್ಷಿಗಳ ಮಾತು ಹೊಂದದಿದ್ದಾಗ ಮೂರನೆಯವರನ್ನು ಕರೆಯುವುದು ವಾಡಿಕೆ. ಹೆದ್ದಾರಿಯ ಬದಿಯ ಕಿ.ಮೀ. ಕಲ್ಲುಗಳೇ ಆ ಮೂರನೆಯವರು. ನಿಜ ವೇಗ 100 ಇದ್ದರೆ 5 ಕಿ.ಮೀ. ದಾಟಲು ಸರಿಯಾಗಿ 180 ಸೆಕೆಂಡು ಬೇಕು. ಕ್ರೂಸ್ ಕಂಟ್ರೋಲಿನಲ್ಲಿ ಮುಳ್ಳನ್ನು 100ಕ್ಕೆ ಕಟ್ಟಿಹಾಕಿ, ಚಾಲಕನಲ್ಲದ ಒಬ್ಬರು ಗಡಿಯಾರ ಹಿಡಿದು ಎಣಿಸಿದಾಗ 189 ಸೆಕೆಂಡು ಬಂದರೆ ನಿಜ ವೇಗ 95. ಒಂದೇ ಕಿ.ಮೀ. ಸಾಲದು, ರಸ್ತೆ ಅಗಲಿಸಿದಾಗ, ತಿರುವು ನೇರ ಮಾಡಿದಾಗ ಒಂದೊಂದು ಕಲ್ಲು ಅತ್ತಿತ್ತ ಆಗಿರಬಹುದು. ಐದರಲ್ಲಿ ಆ ತಪ್ಪು ಕರಗುತ್ತದೆ, ಒಂದು ಸೆಕೆಂಡಿನ ಎಡವಟ್ಟೂ ಶೇ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಟೈರಿಗೂ ಉಪಗ್ರಹಕ್ಕೂ ಸಂಬಂಧವಿಲ್ಲದ ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಿ ನೋಡಬಹುದು.

ಈಗ ಗಂಭೀರವಾದ ಆಕ್ಷೇಪಕ್ಕೆ ಬರೋಣ. ನಿಜ ವೇಗ 95 ಎಂದು ಗೊತ್ತಾದ ಮೇಲೆ ಮುಳ್ಳನ್ನು 105ಕ್ಕೆ ಏರಿಸಿದರೆ ತಪ್ಪೇನು? ಪೊಲೀಸರ ರೇಡಾರ್ ಗನ್ ಕೂಡ ಡಾಪ್ಲರ್ ಪರಿಣಾಮದಿಂದಲೇ ಅಳೆಯುತ್ತದೆ, ಅದಕ್ಕೆ ಕಾಣುವುದು ಕಾರಿನ ಓಟ, ಮುಳ್ಳಲ್ಲ. ತರ್ಕ ಸರಿಯಾಗಿದೆ, ಅಂಥ ಚಾಲಕ ಕಾನೂನು ಮುರಿದಂತೆಯೂ ಅಲ್ಲ. ಆದರೆ ಆತ ಪಡೆಯುವುದೇನು ನೋಡಿ. ಸುಮಾರು 118 ಕಿ.ಮೀ.ನ ಬೆಂಗಳೂರು–ಮೈಸೂರು ದಾರಿಯುದ್ದಕ್ಕೂ ಎಲ್ಲೂ ನಿಧಾನಿಸದೆ 95ರಲ್ಲಿ ಹೋದರೆ ಎಪ್ಪತ್ತನಾಲ್ಕೂವರೆ ನಿಮಿಷ, 100ರಲ್ಲಿ ಹೋದರೆ ಸುಮಾರು 71. ಉಳಿತಾಯ ನಾಲ್ಕು ನಿಮಿಷಕ್ಕಿಂತ ಕಡಿಮೆ, ಟೋಲಿನಲ್ಲಿ ಒಂದು ಸಾಲು ತಪ್ಪಿ ನಿಂತರೆ ಅದೂ ಹೋಯಿತು. ಕೊಡುವ ಬೆಲೆ ಹೆಚ್ಚು: ಡಿಕ್ಕಿಯ ಬಲವನ್ನು ನಿರ್ಧರಿಸುವ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 95ರಿಂದ 100ಕ್ಕೆ ಹೋದಾಗ ಅದು ಶೇ. 11ರಷ್ಟು ಬೆಳೆಯುತ್ತದೆ. ಮೇಲಾಗಿ ಅಂತರ ಒಂದೇ ಕಡೆ ನಿಲ್ಲುವುದಿಲ್ಲ. ಸವೆದ ಟೈರಿನಲ್ಲಿ 5 ಇದ್ದದ್ದು ಹೊಸ ಟೈರು ಹಾಕಿಸಿದ ದಿನ 3 ಆಗುತ್ತದೆ, ಮನಸ್ಸಿನ ಲೆಕ್ಕ ಮಾತ್ರ ಹಳೆಯದೇ ಉಳಿದಿರುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಕಾರಿಗೆ ನಿಜ ವೇಗ ಗೊತ್ತಿರುವಾಗ ಅದನ್ನು ಮುಚ್ಚಿಡುವ ನಿಯಮ ಜನರಲ್ಲಿ ಮೀಟರಿನ ಮೇಲಿನ ನಂಬಿಕೆಯನ್ನೇ ಕೆಡಿಸುವುದಿಲ್ಲವೇ? ಕೆಡಿಸುತ್ತದೆ. ಅಂತರ ಹೆಚ್ಚಿದಷ್ಟೂ ಚಾಲಕರು ಮನಸ್ಸಿನಲ್ಲೇ ಕಳೆಯಲು ಕಲಿಯುತ್ತಾರೆ, ಎಲ್ಲರೂ ಕಳೆಯತೊಡಗಿದರೆ ಕೊಸರಿಗೆ ಅರ್ಥವಿಲ್ಲ. ಹಾಗೆಂದು ಎರಡೂ ಕಡೆಗೆ ತಪ್ಪಲು ಬಿಡುವುದು ಪರಿಹಾರವಲ್ಲ. ಆಸ್ಟ್ರೇಲಿಯಾದಲ್ಲಿ ಮೊದಲು ಶೇ. 10ರಷ್ಟು ಹೆಚ್ಚಾಗಲಿ ಕಡಿಮೆಯಾಗಲಿ ನಡೆಯುತ್ತಿತ್ತು, ಅಂದರೆ 100 ತೋರಿಸುವ ಕಾರು ನಿಜವಾಗಿ 110ರ ಆಸುಪಾಸಿನಲ್ಲಿ ಓಡುತ್ತಿರಲು ಅವಕಾಶವಿತ್ತು. 2006ರ ಜುಲೈಯಿಂದ ಹೊಸ ಮಾದರಿಗಳಿಗೆ ಆ ದೇಶವೂ ಒಮ್ಮುಖ ನಿಯಮಕ್ಕೆ ಬಂತು. ಅಮೆರಿಕದಲ್ಲಿ ವಾಣಿಜ್ಯ ಲಾರಿ-ಬಸ್ಸುಗಳಿಗೆ ಈಗಲೂ ಗಂಟೆಗೆ 50 ಮೈಲಿಯಲ್ಲಿ 5 ಮೈಲಿ ಆಚೀಚೆ ಆಗಬಹುದು. ಮಿತಿ ಮೀರುತ್ತಿದ್ದೇನೆಂದು ಚಾಲಕನಿಗೇ ತಿಳಿಯದ ಸ್ಥಿತಿಗೆ ಇದು ದಾರಿ. ಬದಲಿಸಬೇಕಾದದ್ದು ಮೇಲಿನ ಅಂಚನ್ನು. ಶೇ. 10 ಮತ್ತು 4 ಕಿ.ಮೀ. ಎಂಬ ಸಡಿಲಿಕೆ ದಣಿದ ಸ್ಪ್ರಿಂಗಿಗೂ ಬಲಗುಂದಿದ ಅಯಸ್ಕಾಂತಕ್ಕೂ ಕೊಟ್ಟ ರಿಯಾಯಿತಿ. ಇವೆರಡೂ ಇಲ್ಲದ ಇಂದಿನ ಕಾರಿನಲ್ಲಿ ಉಳಿದಿರುವುದು ಟೈರಿನ ಏರುಪೇರು ಒಂದೇ, ಅದಕ್ಕೆ ಶೇ. 6 ಸಾಕು.

ಓದುಗರು ನಿಜವಾಗಿ ಎಚ್ಚರ ವಹಿಸಬೇಕಾದ ಸಂದರ್ಭ ಇದರ ತಿರುವುಮುರುವು. ಅಂದಕ್ಕೆಂದು 185/65 ಆರ್15 ಟೈರು ತೆಗೆಸಿ 205/65 ಆರ್15 ಹಾಕಿಸಿದರೆ ವ್ಯಾಸ ಶೇ. 4ಕ್ಕಿಂತ ಹೆಚ್ಚಾಗುತ್ತದೆ. ಕಂಪನಿ ಇಟ್ಟ ಶೇ. 3ರ ಕೊಸರು ಅಲ್ಲಿಗೆ ತೀರಿಹೋಗಿ, ಮುಳ್ಳು 100 ಎನ್ನುವಾಗ ಕಾರು 101ರಲ್ಲಿರುತ್ತದೆ. ಟೈರಿನ ಅಳತೆ ಬದಲಿಸಿದವರು ತೆರೆದ ರಸ್ತೆಯಲ್ಲಿ ಒಮ್ಮೆ ಜಿಪಿಎಸ್ ಜೊತೆ ತಾಳೆ ನೋಡಲಿ. ಜಿಪಿಎಸ್ ಕಡಿಮೆ ತೋರಿಸಿದರೆ ಚಿಂತೆಯಿಲ್ಲ. ಮುಳ್ಳಿಗಿಂತ ಹೆಚ್ಚು ತೋರಿಸಿದರೆ ಕಾರನ್ನು ಗ್ಯಾರೇಜಿಗೆ ಒಯ್ದು ಹಳೆಯ ಅಳತೆಯ ಟೈರನ್ನೇ ಹಾಕಿಸಿಕೊಳ್ಳಿ.