ಊರು ಬಿಟ್ಟ ಕಲ್ಲು, ನೀರು ಕಂಡ ಊರು

ಬಾದಾಮಿಯ ಉತ್ತರ ಕೋಟೆಯ ಬುಡದಲ್ಲಿರುವ ಪುರಾತತ್ವ ಇಲಾಖೆಯ ಮ್ಯೂಸಿಯಂನಲ್ಲಿ ಒಂದು ಲಜ್ಜಾಗೌರಿಯ ಶಿಲ್ಪವಿದೆ. ತಲೆಯ ಜಾಗದಲ್ಲಿ ಅರಳಿದ ತಾವರೆ. ಎರಡೂ ಕಾಲು ಮಡಚಿ ಅಗಲಿಸಿದ, ಹೆರಿಗೆಯನ್ನು ನೆನಪಿಸುವ ಭಂಗಿ. ಕಲ್ಲಿನ ಹೊಟ್ಟೆಯ ತುಂಬುತನ ಈಗಲೂ ಕಣ್ಣಿಗೆ ತಾಗುತ್ತದೆ. ಈ ದೇವಿ ಇಲ್ಲಿಯವಳಲ್ಲ, ನಾಗನಾಥಕೊಳ್ಳದ ಗುಡಿಯಿಂದ ಬಂದವಳು. ಹಾಗೆಯೇ, ಚಾಲುಕ್ಯ ದೊರೆ ಮಂಗಳೇಶನ ಕಾಲದ ಮಹಾಕೂಟದ ಶಾಸನಸ್ತಂಭ ಇವತ್ತು ನಿಂತಿರುವುದು ವಿಜಯಪುರದ ಗೋಳಗುಮ್ಮಟದ ಆವರಣದ ಮ್ಯೂಸಿಯಂನಲ್ಲಿ. ಮಹಾಕೂಟದ ದೇವರು ಮಕುಟೇಶ್ವರನಿಗೆ ಕೊಟ್ಟ ದತ್ತಿಯನ್ನು ಸಾರಲು ನಿಲ್ಲಿಸಿದ ಕಂಬ ಮಕುಟೇಶ್ವರನಿಂದ ದೂರವಾಗಿದೆ. ಮ್ಯೂಸಿಯಂಗಳು ಇವನ್ನು ಕಳ್ಳರಿಂದ, ಮಳೆಬಿಸಿಲಿನಿಂದ ಉಳಿಸಿವೆ, ಅದು ದೊಡ್ಡ ಉಪಕಾರ. ಆದರೆ ವಸ್ತು ಉಳಿದರೂ ಅದರ ನೆಲೆ ಕಳಚಿಕೊಂಡಿತು. ಕೊಳ್ಳದ ನೀರು, ಗರ್ಭಗುಡಿಯ ಕತ್ತಲೆ, ಮಕ್ಕಳ ಫಲ ಬೇಡಿ ಬಂದವರ ಹರಕೆ, ಇವು ಯಾವುವೂ ಕಲ್ಲಿನ ಸಂಗಡ ಬರುವುದಿಲ್ಲ. ಕಳಚಿದ ಈ ನಂಟನ್ನು ಮತ್ತೆ ಕಟ್ಟಿಕೊಡುವುದೇ ಮ್ಯೂಸಿಯಂನ ನಿಜವಾದ ಕೆಲಸ. ಅದು ಕಲಿತು ಮಾಡಬೇಕಾದ ಕೆಲಸ. ಕಲಿಸಲು ಬಾಗಲಕೋಟೆ ಜಿಲ್ಲೆಗಿಂತ ಒಳ್ಳೆಯ ನೆಲ ಕರ್ನಾಟಕದಲ್ಲಿ ಸಿಗುವುದು ಕಷ್ಟ.

ಈ ವಿದ್ಯೆಗೆ ಎರಡು ಬೇರುಗಳಿವೆ. ಒಂದು ಮ್ಯೂಸಿಯಂ ಶಾಸ್ತ್ರ. ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ 1952ರಲ್ಲೇ ಇದಕ್ಕೊಂದು ವಿಭಾಗ ತೆರೆಯಿತು. ವಸ್ತು ಎಲ್ಲಿಂದ, ಯಾರ ಕೈಯಿಂದ ಬಂತು ಎಂದು ವಹಿಯಲ್ಲಿ ದಾಖಲಿಸುವುದು, ಕೆಡದಂತೆ ಇಡುವುದು, ನೋಡುವವರಿಗೆ ತಿಳಿಯುವಂತೆ ಜೋಡಿಸುವುದು ಇದರ ಪಾಠ. ಇನ್ನೊಂದು ಸಾರ್ವಜನಿಕ ಇತಿಹಾಸ. ಈ ಹೆಸರಿನಲ್ಲಿ ಮೊದಲ ಕೋರ್ಸು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾದಲ್ಲಿ 1976ರಲ್ಲಿ ರಾಬರ್ಟ್ ಕೆಲ್ಲಿ ಅವರಿಂದ ಶುರುವಾಯಿತು. ಇತಿಹಾಸವು ಪ್ರಾಧ್ಯಾಪಕರ ನಡುವಿನ ಮಾತಾಗಿಯೇ ಉಳಿಯದೆ ಊರಿನ ನಡುವೆ ನಡೆಯಬೇಕು, ಊರವರೂ ಅದಕ್ಕೆ ದನಿಗೂಡಿಸಬೇಕು ಎಂಬುದು ಅದರ ತಿರುಳು. ಬೆಂಗಳೂರಿನ ಸೃಷ್ಟಿ ಸಂಸ್ಥೆಯಲ್ಲಿ ಇದಕ್ಕೆಂದೇ ಒಂದು ಕೇಂದ್ರ ನಡೆದಿದೆ.

ಧಾರವಾಡದಲ್ಲಿ 1939ರಿಂದ ಕನ್ನಡ ಸಂಶೋಧನ ಸಂಸ್ಥೆ ಇದೆ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ. ಶಾಸನ, ಶಿಲ್ಪ, ಉತ್ಖನನ ಎಲ್ಲವನ್ನೂ ಕಲಿಸುವಾಗ ಮತ್ತೊಂದು ಪಾಠ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಉತ್ತರಕ್ಕೆ ಹುನಗುಂದ ಸೀಮೆಯ ಐಹೊಳೆಗೆ ಹೋಗಬೇಕು. ಅಲ್ಲಿನ ದುರ್ಗಾ ಗುಡಿಗೆ ದುರ್ಗಾದೇವಿಯಿಂದ ಹೆಸರು ಬಂದಿಲ್ಲ, ಮುಂದೆ ಅದರ ಸುತ್ತ ಎದ್ದ ಕೋಟೆಯಿಂದ, ಅಂದರೆ ದುರ್ಗದಿಂದ, ಬಂತೆಂದು ವಿದ್ವಾಂಸರು ತಿಳಿಸಿದ್ದಾರೆ. ಲಾಡ್‌ಖಾನ್ ಗುಡಿಗೆ ಆ ಹೆಸರು ಬಂದದ್ದು ಲಾಡ್‌ಖಾನ್ ಎಂಬಾತ ಅಲ್ಲಿ ಮನೆ ಮಾಡಿಕೊಂಡಿದ್ದನೆಂಬ ಕಾರಣಕ್ಕೆ. ಫಲಕದಲ್ಲಿ ಶತಮಾನ, ಶೈಲಿ, ಕಂಬಗಳ ಲೆಕ್ಕವಷ್ಟೇ ಬರೆದರೆ, ಗುಡಿ ಕೋಟೆಯೊಳಗೆ ಸೇರಿದ, ಆಮೇಲೆ ಮನೆಯಾದ, ದನ ಕಟ್ಟುವ ಜಾಗವೂ ಆದ ಸಾವಿರ ವರ್ಷ ಅಳಿಸಿಹೋಗುತ್ತದೆ. ಹೆಸರು ತಪ್ಪಲ್ಲ, ಅದೂ ಒಂದು ದಾಖಲೆ. ಶಾಸನ ಓದುವವನಿಗೆ ಕಟ್ಟಿಸಿದವರ ಮಾತು ಕೇಳಿಸುತ್ತದೆ. ಆಮೇಲೆ ಅಲ್ಲಿ ಬದುಕಿದವರ ಮಾತು ಕೇಳಲು ಬೇರೆ ಕಿವಿ ಬೇಕು.

ಹಾಗಾದರೆ ಪರಶುರಾಮ ಕೊಡಲಿ ತೊಳೆದು ಹೊಳೆ ಕೆಂಪಾಯಿತು, ಅದನ್ನು ಕಂಡವರು ‘ಅಯ್ಯೋ ಹೊಳೆ’ ಎಂದರು, ಅದೇ ಐಹೊಳೆಯಾಯಿತು ಎನ್ನುವ ಕಥೆಯನ್ನೂ ಇತಿಹಾಸವೆಂದು ಬರೆಯಬೇಕೆ? ಇದು ಹಗುರವಾದ ಆಕ್ಷೇಪವಲ್ಲ. ನಂಬಿಕೆಯನ್ನು ಸಾಕ್ಷ್ಯದ ಪೀಠದಲ್ಲಿ ಕೂರಿಸುವ ಅಪಾಯ ಇಂದು ಎಲ್ಲೆಡೆ ಇದೆ. ಶಾಸನಗಳಲ್ಲಿ ಊರಿನ ಹೆಸರು ಅಯ್ಯಾವೊಳೆ. ಅಯ್ನೂರ್ವರೆಂಬ ವರ್ತಕರ ಸಂಘ ಈ ಹೆಸರನ್ನು ದಕ್ಷಿಣ ಭಾರತದ ಉದ್ದಕ್ಕೂ ಒಯ್ದಿತು. ಕ್ರಿ.ಶ. 634ರ ಇಲ್ಲಿನ ಮೇಗುತಿ ಗುಡಿಯ ಶಾಸನದಲ್ಲಿ ಕವಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿಟ್ಟುಕೊಂಡ. ಇವು ಓದಿ ಪರೀಕ್ಷಿಸಬಹುದಾದ ಸಂಗತಿಗಳು. ಪರಶುರಾಮನ ಕಥೆ ಬೇರೆ ಬಗೆಯ ಸಂಗತಿ: ಊರವರು ತಮ್ಮ ನದಿಯನ್ನು ಹೇಗೆ ಕಂಡರು ಎಂಬುದಕ್ಕೆ ಅದು ಸಾಕ್ಷಿ, ಹೆಸರಿನ ಮೂಲಕ್ಕಲ್ಲ. ಯಾವುದು ಯಾವುದಕ್ಕೆ ಸಾಕ್ಷಿ ಎಂದು ಬೇರ್ಪಡಿಸಿ, ಎರಡನ್ನೂ ಗೌರವದಿಂದ ಒಂದೇ ಫಲಕದಲ್ಲಿ ಹೇಳುವುದನ್ನು ಯಾರೂ ಹುಟ್ಟಿನಿಂದ ಕಲಿತು ಬರುವುದಿಲ್ಲ. ಕಲಿಸದೆ ಬಿಟ್ಟರೆ ಆ ಜಾಗವನ್ನು ಗಟ್ಟಿಯಾಗಿ ಕೂಗುವವರು ತುಂಬುತ್ತಾರೆ.

ಇಳಕಲ್ಲಿಗೆ ಬಂದರೆ ಸಮಸ್ಯೆ ತಿರುಗುಮುರುಗಾಗುತ್ತದೆ. ಅಲ್ಲಿ ನೆಲೆ ಇದೆ, ವಸ್ತುವೂ ಇದೆ, ಆದರೆ ಅರಿವು ಇರುವುದು ಕೈಬೆರಳುಗಳಲ್ಲಿ. ಇಳಕಲ್ ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಇನ್ನೊಂದು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು. ಹಾಗಾಗಿ ಪ್ರತಿ ಸೀರೆಗೂ ಬೇರೆಯೇ ಹಾಸು. ಕೆಂಪು ರೇಷ್ಮೆಯ ತೋಪ್ ತೆನಿ ಸೆರಗಿನಲ್ಲಿ ಬಿಳಿ ಎಳೆಗಳು ಬಾಚಣಿಗೆಯ ಹಲ್ಲಿನಂತೆ, ಜೋಳದ ತೆನೆಯಂತೆ, ಕೋಟೆಯ ತೆನೆಗಳಂತೆ ಮೇಲೇಳುತ್ತವೆ. ಗಾಜಿನ ಪೆಟ್ಟಿಗೆಯಲ್ಲಿ ಮಡಚಿಟ್ಟ ಸೀರೆಯಲ್ಲಿ ಕೊಂಡಿ ಕಾಣುವುದೇ ಇಲ್ಲ. ಆ ಗಂಟನ್ನು ಎಷ್ಟು ಬಿಗಿಯಬೇಕು, ಹೊಲದ ತೆನೆಯ ಹೆಸರು ನೂಲಿಗೇಕೆ ಬಂತು ಎಂದು ತಿಳಿಯಬೇಕಾದರೆ ಕುಣಿಮಗ್ಗದ ಪಕ್ಕ ಕೂತು ನೇಕಾರರ, ಹಾಸು ಹೂಡುವ ಹೆಣ್ಣುಮಕ್ಕಳ ಮಾತನ್ನು ದಾಖಲಿಸಿಕೊಳ್ಳಬೇಕು. ಅವರ ಒಪ್ಪಿಗೆ ಕೇಳಬೇಕು, ಬರೆದದ್ದನ್ನು ಅವರಿಗೇ ಓದಿ ಹೇಳಬೇಕು. ಕಲ್ಲು ಕಾಯುತ್ತದೆ. ಮಗ್ಗ ಬಿಟ್ಟು ಗ್ರಾನೈಟ್ ಕ್ವಾರಿಗೋ ಪಟ್ಟಣಕ್ಕೋ ಹೋದ ಕೈ ಕಾಯುವುದಿಲ್ಲ.

ಬಾಗಲಕೋಟೆಯದು ಇನ್ನೂ ಕಠಿಣ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದ ಹಳೆಯ ಊರಿನ ಭಾಗ ಮುಳುಗಿತು. ಜನ ನವನಗರದ ನಂಬರಿನ ಸೆಕ್ಟರುಗಳಿಗೆ ಬಂದರು. ಇಲ್ಲಿ ಕಳೆದದ್ದು ನೆಲೆಯೇ. ಪರಿಹಾರದ ಕಡತದಲ್ಲಿ ಮನೆಯ ಅಳತೆ, ಬೆಲೆ ಸಿಗುತ್ತದೆ. ಯಾವ ಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು ಎಂಬುದು ಸಿಗುವುದಿಲ್ಲ. ಬಾಗಲಕೋಟೆಯ ಹೋಳಿ ಓಣಿಗಳ ಹಬ್ಬ. ಕಿಲ್ಲಾ, ಹೊಸಪೇಟೆ ಎಂಬ ಹೆಸರುಗಳು ಹಲಗೆಯ ಸದ್ದಿನೊಡನೆ ವರ್ಷಕ್ಕೊಮ್ಮೆ ಜೀವ ಪಡೆಯುತ್ತವೆ. ಆ ಓಣಿಗಳಲ್ಲಿ ಬೆಳೆದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿಂದಲೇ ಹಳೆಯ ಊರಿನ ನಕ್ಷೆ ಬರೆಸಿಕೊಳ್ಳುವುದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಕೇಳಲು ಬಲ್ಲ ಹತ್ತು ವಿದ್ಯಾರ್ಥಿಗಳು ಸಾಕು.

ಕೊನೆಗೆ ಎಲ್ಲ ತಂದೆತಾಯಿಗಳ ಪ್ರಶ್ನೆ: ಇದನ್ನು ಓದಿದರೆ ನೌಕರಿ ಎಲ್ಲಿ? ಮ್ಯೂಸಿಯಂ ಹುದ್ದೆಗಳು ಕಡಿಮೆ, ಅದನ್ನು ಮುಚ್ಚಿಡಬಾರದು. ಆದ್ದರಿಂದಲೇ ಇದನ್ನು ಬೇರೆ ಪದವಿಯಾಗಿ ತೆರೆಯುವುದಕ್ಕಿಂತ, ಇತಿಹಾಸ, ಕನ್ನಡ, ಪ್ರವಾಸೋದ್ಯಮ ಓದುವವರಿಗೆ ಕ್ಷೇತ್ರಕಾರ್ಯದೊಂದಿಗೆ ಎರಡು ಪತ್ರಿಕೆಗಳಾಗಿ ಇಡುವುದು ಜಾಣತನ. ಮೇಷ್ಟರಾಗುವವರಿಗೂ, ಗೈಡ್ ಆಗುವವರಿಗೂ, ಪಂಚಾಯಿತಿಯಲ್ಲಿ ಕೆಲಸ ಮಾಡುವವರಿಗೂ ಅದು ನೆರವಾಗುತ್ತದೆ. ಪಂಚಾಯಿತಿಯ ಮಾತನ್ನೇ ತೆಗೆದುಕೊಳ್ಳಿ: ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಗುಡಿಗೆ ಒತ್ತಿ ಮನೆಗಳಿರುವ ಐಹೊಳೆಯಲ್ಲಿ ಈ ಕಾನೂನು ಎಂದರೆ ಮಗನಿಗೆ ಇನ್ನೊಂದು ಕೋಣೆ ಕಟ್ಟಲಾಗದ ಸಂಕಟ. ಊರನ್ನೇ ಸ್ಥಳಾಂತರಿಸುವ ಮಾತೂ ಬಹುಕಾಲದಿಂದ ಇದೆ. ಇಲಾಖೆಯ ಭಾಷೆಯನ್ನೂ ಮನೆಯವರ ಭಾಷೆಯನ್ನೂ ಬಲ್ಲವರು ನಡುವೆ ಇಲ್ಲದಿದ್ದರೆ ಸ್ಮಾರಕ ಊರಿಗೆ ಶತ್ರುವಾಗಿಬಿಡುತ್ತದೆ.

ಜಮಖಂಡಿಯಲ್ಲಿ 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಶುರುವಾಯಿತು. ಎರಡೇ ವರ್ಷಕ್ಕೆ ರಾಜ್ಯದ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಚರ್ಚೆ ಬಂತು. ಬೇರೆಡೆ ಕಲಿಸಲಾಗದ ಏನನ್ನು ಇಲ್ಲಿ ಕಲಿಸುತ್ತೀರಿ ಎಂಬ ಪ್ರಶ್ನೆಗೆ ಉತ್ತರವಾಗಿ ಮೊದಲ ಸೆಮಿಸ್ಟರಿನ ಪ್ರಶ್ನೆಪತ್ರಿಕೆಯನ್ನೇ ತೋರಿಸಬಹುದು: ನಾಗನಾಥಕೊಳ್ಳಕ್ಕೆ ಹೋಗಿ, ಅಲ್ಲಿಯವರೊಂದಿಗೆ ಮಾತಾಡಿ ಬಂದು, ಬಾದಾಮಿಯ ಮ್ಯೂಸಿಯಂನಲ್ಲಿರುವ ಲಜ್ಜಾಗೌರಿಗೆ ಅರವತ್ತು ಪದಗಳ ಕನ್ನಡ ಫಲಕ ಬರೆಯಿರಿ.