62ನೆಯ ಸೇನೆ: ಸ್ಟಾಲಿನ್‌ಗ್ರಾಡ್‌ನಿಂದ ಬರ್ಲಿನ್‌ವರೆಗೆ

ಎರಡನೆಯ ಮಹಾಯುದ್ಧದ ಪಾಠದಲ್ಲಿ ‘62ನೆಯ ಸೇನೆ’ ಎಂಬ ಮಾತು ಬಂದೊಡನೆ ಮಕ್ಕಳು ಕೇಳುವುದುಂಟು: ಒಂದು ದೇಶಕ್ಕೆ ಅಷ್ಟೊಂದು ಸೇನೆಗಳೇ? ಸೋವಿಯತ್ ಒಕ್ಕೂಟದ ಕೆಂಪು ಸೇನೆಯು ಸಂಖ್ಯೆಗಳಿಂದ ಗುರುತಿಸಲಾಗುವ ಅನೇಕ ಸೇನೆಗಳಾಗಿ ವಿಂಗಡಣೆಗೊಂಡಿತ್ತು. ಒಂದೊಂದರಲ್ಲಿಯೂ ಹಲವು ಡಿವಿಷನ್‌ಗಳು. ಇದನ್ನು ಮೊದಲೇ ಕಪ್ಪುಹಲಗೆಯ ಮೇಲೆ ಬರೆದು ತೋರಿಸುವುದು ಒಳಿತು.

1942ರ ಜುಲೈಯಲ್ಲಿ ರೂಪುಗೊಂಡ ಈ ಸೇನೆಯು ಡಾನ್ ನದಿಯ ತಿರುವಿನಲ್ಲಿ ಪೆಟ್ಟು ತಿಂದು ಸ್ಟಾಲಿನ್‌ಗ್ರಾಡ್ ನಗರಕ್ಕೆ ಹಿಂಜರಿಯಿತು. ಸೆಪ್ಟೆಂಬರ್ 12ರಂದು ವಾಸಿಲಿ ಚುಯ್ಕೋವ್ ಅದರ ದಂಡನಾಯಕರಾದರು. ಬೆನ್ನ ಹಿಂದೆ ವೋಲ್ಗಾ ನದಿ. ಸೈನಿಕರು, ಮದ್ದುಗುಂಡು, ಆಹಾರ ಎಲ್ಲವೂ ಗುಂಡಿನ ಮಳೆಯ ನಡುವೆ ದೋಣಿಗಳಲ್ಲಿಯೇ ಬರಬೇಕು. ರೋದಿಮ್‌ತ್ಸೆವ್ ಅವರ 13ನೆಯ ಗಾರ್ಡ್ಸ್ ಡಿವಿಷನ್ ಹಾಗೆ ರಾತ್ರಿಯಲ್ಲಿ ನದಿ ದಾಟಿ ನೇರವಾಗಿ ಕಾಳಗಕ್ಕಿಳಿಯಿತು. ಜರ್ಮನ್ ವಿಮಾನಗಳ ದಾಳಿಗೆ ಚುಯ್ಕೋವ್ ಕಂಡುಕೊಂಡ ಉಪಾಯ ವಿಚಿತ್ರವಾದುದು: ದೂರ ಸರಿಯದೆ, ಕೈಬಾಂಬು ಎಸೆಯುವಷ್ಟು ಸಮೀಪದಲ್ಲಿಯೇ ಶತ್ರುವಿಗೆ ಅಂಟಿಕೊಂಡಿರುವುದು. ಬಾಂಬು ಹಾಕಿದರೆ ತಮ್ಮವರೇ ಸಾಯುವರೆಂಬ ಅಂಜಿಕೆ ವೈಮಾನಿಕರ ಕೈಕಟ್ಟಿತು. ಉಪಾಯ ಫಲಿಸಿತು, ಆದರೆ ಅದಕ್ಕೆ ತೆತ್ತ ಪ್ರಾಣಗಳು ಅಪಾರ. ಇದನ್ನು ಬಿಟ್ಟು ಬರಿಯ ವೀರಗಾಥೆಯಾಗಿ ಬೋಧಿಸುವುದು ನನಗೆ ಒಪ್ಪಿತವಲ್ಲ.

ನವೆಂಬರ್ 19ರಿಂದ ಬೇರೆ ಸೋವಿಯತ್ ಸೇನೆಗಳು ನಗರದ ಹೊರಗಿನಿಂದ ಪ್ರತಿದಾಳಿ ನಡೆಸಿ ಜರ್ಮನರನ್ನು ಸುತ್ತುವರಿದವು. ಅಲ್ಲಿಯವರೆಗೆ ಶತ್ರುವನ್ನು ನಗರದೊಳಗೆ ತಡೆದು ನಿಲ್ಲಿಸಿದ್ದು 62ನೆಯ ಸೇನೆ. 1943ರ ಏಪ್ರಿಲ್‌ನಲ್ಲಿ ಅದಕ್ಕೆ ‘8ನೆಯ ಗಾರ್ಡ್ಸ್ ಸೇನೆ’ ಎಂಬ ಗೌರವನಾಮ ದೊರೆಯಿತು. ಹೆಸರು ಬೇರೆಯಾದ ಕಾರಣ ಇವೆರಡನ್ನೂ ಬೇರೆ ಬೇರೆ ಸೇನೆಗಳೆಂದು ಭಾವಿಸುವುದು ಸುಲಭ. 1945ರ ಮೇ 2ರಂದು ಬರ್ಲಿನ್ ರಕ್ಷಣೆಯ ಹೊಣೆ ಹೊತ್ತಿದ್ದ ಜನರಲ್ ವೈಡ್ಲಿಂಗ್ ಶರಣಾಗತಿಯ ಆಜ್ಞೆಗೆ ಸಹಿ ಹಾಕಿದುದು ಇದೇ ಚುಯ್ಕೋವ್ ಅವರ ಠಾಣೆಯಲ್ಲಿ.