35 ಹರ್ಟ್ಜ್‌ನ ಉಳಿತಾಯ ಮತ್ತು ಕೆಲವು ತಪ್ಪು ಕಲ್ಪನೆಗಳು

ಹುಮನಾಬಾದ್‌ನ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ, ಔಷಧ ಘಟಕಗಳದ್ದೇ ಸದ್ದು. ಇಂಥ ಘಟಕಗಳಲ್ಲಿ ಟಾಲ್ಯುಯೀನ್, ಮೆಥನಾಲ್, ಅಸಿಟೋನ್‌ನಂಥ ದ್ರಾವಕಗಳು ನಿತ್ಯ ಬೇಕು. ಅಲ್ಲಿಂದ ಹೆದ್ದಾರಿಯಲ್ಲಿ ಸೊಲ್ಲಾಪುರದ ಕಡೆ ಹೋದರೆ ಬಸವಕಲ್ಯಾಣದ ಆಟೋನಗರ. ಅಲ್ಲಿ ಲಾರಿ ಬಾಡಿ ಕಟ್ಟುವ ಕೆಲಸ. ಬಣ್ಣ ಹೊಡೆಯುವುದಕ್ಕೆ ಥಿನ್ನರ್ ಬೇಕೇ ಬೇಕು. ಇನ್ನು ಹಳ್ಳಿಖೇಡದಲ್ಲಿ ಸಕ್ಕರೆ ಕಾರ್ಖಾನೆ. ಒಂದು ಕಡೆ ಆವಿ, ಇನ್ನೊಂದು ಕಡೆ ದೂಳು. ಎರಡೂ ಗಾಳಿಯಲ್ಲಿ ಹದವಾಗಿ ಬೆರೆತರೆ ಒಂದು ಕಿಡಿ ಸಾಕು. ಆ ಹದಕ್ಕೆ ಬರದಂತೆ ನೋಡಿಕೊಳ್ಳುವ ಯಂತ್ರವೇ ಬ್ಲೋವರ್. ಜೆಸ್ಕಾಂನ ವಿದ್ಯುತ್ ಬಿಲ್ ಇಳಿಸಲೆಂದು ಈಗ ಆ ಬ್ಲೋವರ್‌ಗಳಿಗೆ ಡ್ರೈವ್, ಅಂದರೆ ಮೋಟಾರ್‌ನ ವೇಗ ಬದಲಿಸುವ ವಿಎಫ್‌ಡಿ, ಕೂರಿಸುತ್ತಾರೆ. ಡ್ರೈವ್ ಜೊತೆಗೆ ಕೆಲವು ನಂಬಿಕೆಗಳೂ ಬಂದು ಕೂರುತ್ತವೆ.

"ಸ್ಪೀಡ್ ಕಮ್ಮಿ ಮಾಡಿದ್ರ ಬಿಲ್ಲೂ ಕಮ್ಮಿ, ಅಪಾಯನೂ ಕಮ್ಮಿರೀ" ಎಂಬುದು ಅವುಗಳಲ್ಲಿ ಎಲ್ಲಕ್ಕಿಂತ ಗಟ್ಟಿ. ಅರ್ಧ ನಿಜ, ಅದಕ್ಕೇ ಗಟ್ಟಿ. ಫ್ಯಾನ್ ಮಾದರಿಯ ಬ್ಲೋವರ್‌ನಲ್ಲಿ ಗಾಳಿಯ ಪ್ರಮಾಣ ವೇಗದ ಲೆಕ್ಕದಲ್ಲೇ ಇಳಿಯುತ್ತದೆ. ಬೇಕಾಗುವ ವಿದ್ಯುತ್ ವೇಗದ ಘನದ ಲೆಕ್ಕದಲ್ಲಿ ಇಳಿಯುತ್ತದೆ. 50 ಹರ್ಟ್ಜ್‌ನಿಂದ 35ಕ್ಕೆ ಬಂದರೆ ಗಾಳಿ ಶೇ 70, ವಿದ್ಯುತ್ ಸುಮಾರು ಶೇ 34. ಮಾಲೀಕರಿಗೆ ಈ ಎರಡನೆಯ ಅಂಕಿ ಕಾಣುತ್ತದೆ, ಮೊದಲನೆಯದು ಮರೆಯುತ್ತದೆ. ಪೂರ್ತಿ ವೇಗದಲ್ಲಿ ದ್ರಾವಕದ ಆವಿಯು ಸ್ಫೋಟದ ಕನಿಷ್ಠ ಮಿತಿಯ ಶೇ 25ರಲ್ಲಿತ್ತು ಅನ್ನಿ. ಆವಿ ಅಷ್ಟೇ ಹುಟ್ಟುತ್ತಿದ್ದು ಗಾಳಿ ಮಾತ್ರ ಶೇ 70ಕ್ಕೆ ಇಳಿದರೆ ಅದು ಶೇ 36 ಆಗುತ್ತದೆ. ಟಾಲ್ಯುಯೀನ್‌ಗೆ ಆ ಕನಿಷ್ಠ ಮಿತಿಯೇ ಗಾಳಿಯ ಶೇ 1.1ರ ಆಸುಪಾಸು. ಅದರ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಎಳೆತ ಕುಂದಿದೊಡನೆ ಅದು ಮೇಲೇಳುವುದಿಲ್ಲ, ನೆಲದ ಗುಂಡಿಗಳಲ್ಲಿ, ಕೇಬಲ್ ಕಾಲುವೆಗಳಲ್ಲಿ ತಂಗುತ್ತದೆ.

ಕಾರ್ಖಾನೆಯ ಯಾವ ಜಾಗ ಜೋನ್ 1 (ಸ್ಫೋಟಕ ಆವಿ ಆಗಾಗ ಇರಬಹುದಾದದ್ದು), ಯಾವುದು ಜೋನ್ 2 (ಅಪರೂಪಕ್ಕೆ ಇರಬಹುದಾದದ್ದು) ಎಂದು ನಕ್ಷೆಯಲ್ಲಿ ಗೆರೆ ಎಳೆದಿರುವುದು ಇಷ್ಟು ಗಾಳಿ ಆಡುತ್ತದೆ ಎಂಬ ಲೆಕ್ಕದ ಮೇಲೆ. ಕೀಪ್ಯಾಡ್ ಒತ್ತಿ ಗಾಳಿ ಇಳಿಸಿದವರು ಆ ಗೆರೆಯನ್ನೂ ಅಳಿಸಿದಂತೆ. ಇದನ್ನು ಎಲೆಕ್ಟ್ರಿಷಿಯನ್‌ಗೆ ಹೇಳಿಕೊಟ್ಟವರು ಕಡಿಮೆ. ಡ್ರೈವ್‌ನಲ್ಲಿ ಕನಿಷ್ಠ ವೇಗವನ್ನು ಲಾಕ್ ಮಾಡಿ ಪಾಸ್‌ವರ್ಡ್ ಹಾಕುವುದು, ನಾಳದಲ್ಲಿ ಗಾಳಿಯ ಹರಿವು ಅಳೆಯುವ ಸ್ವಿಚ್ ಇಟ್ಟು ಹರಿವು ತಗ್ಗಿದರೆ ಪ್ರಕ್ರಿಯೆಯೇ ನಿಲ್ಲುವಂತೆ ಮಾಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಡ್ರೈವ್ ಪರದೆಯ ಹರ್ಟ್ಜ್ ನೋಡಿ ಗಾಳಿ ಇದೆ ಅಂದುಕೊಳ್ಳಬಾರದು. ಬೆಲ್ಟ್ ಕಡಿದಿದ್ದರೂ ಮೋಟಾರ್ ತನ್ನ ಪಾಡಿಗೆ ತಿರುಗುತ್ತಿರುತ್ತದೆ.

ದೂಳಿನ ಕಥೆ ಇನ್ನೂ ಕುಟಿಲ. ಸಕ್ಕರೆ, ಬೇಳೆ, ಔಷಧದ ಪುಡಿ ನಾಳದಲ್ಲಿ ತೇಲಿಕೊಂಡೇ ಹೋಗಬೇಕಾದರೆ ಸಾಮಾನ್ಯವಾಗಿ ಸೆಕೆಂಡಿಗೆ 18ರಿಂದ 20 ಮೀಟರ್ ವೇಗ ಬೇಕು. 20 ಇದ್ದದ್ದು 35 ಹರ್ಟ್ಜ್‌ನಲ್ಲಿ 14ಕ್ಕೆ ಇಳಿಯುತ್ತದೆ, ಪುಡಿ ನಾಳದ ತಳದಲ್ಲಿ ಪದರ ಕಟ್ಟುತ್ತದೆ. ತಿಂಗಳುಗಟ್ಟಲೆ ಏನೂ ಆಗದಿರಬಹುದು. ಆದರೆ ಹಾಗೆ ಕೂತ ದೂಳು ಒಮ್ಮೆ ಹೊತ್ತಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ. ಅಮೆರಿಕದ ಜಾರ್ಜಿಯಾದ ಪೋರ್ಟ್ ವೆಂಟ್‌ವರ್ತ್‌ನಲ್ಲಿ 2008ರ ಫೆಬ್ರುವರಿ 7ರಂದು ಇಂಪೀರಿಯಲ್ ಶುಗರ್ ಕಾರ್ಖಾನೆ ಸಿಡಿದು 14 ಮಂದಿ ಸತ್ತರು. ಸಕ್ಕರೆ ಸಾಗಿಸುವ ಕನ್ವೇಯರ್‌ಗೆ ಉಕ್ಕಿನ ಹೊದಿಕೆ ಹಾಕಿ, ಒಳಗಿನ ದೂಳು ಎಳೆಯುವ ವ್ಯವಸ್ಥೆಯನ್ನೇ ಮಾಡಿರಲಿಲ್ಲ. ಕಿಡಿ ಬಹುಶಃ ಕಾದ ಬೇರಿಂಗ್‌ನದ್ದು ಎಂದು ತನಿಖೆ ಹೇಳಿತು. ಹೆಚ್ಚು ಅನಾಹುತ ಮಾಡಿದ್ದು ಮಾತ್ರ ನೆಲ, ತೊಲೆಗಳ ಮೇಲೆ ಕೂತಿದ್ದ ದೂಳು ಎದ್ದು ಉರಿದದ್ದು. ಅಷ್ಟು ದೂರ ಯಾಕೆ, ಹುಮನಾಬಾದ್‌ನಿಂದ ಹೈದರಾಬಾದ್‌ಗೆ ಹೋಗುವ ದಾರಿಯಲ್ಲಿ, ಪಟಾಂಚೆರು ಬಳಿಯ ಪಾಶಮೈಲಾರಂನಲ್ಲಿ 2025ರ ಜೂನ್ 30ರಂದು ಔಷಧಕ್ಕೆ ಬೇಕಾದ ಸೆಲ್ಯುಲೋಸ್ ಪುಡಿ ತಯಾರಿಸುವ ಕಾರ್ಖಾನೆ ಸ್ಫೋಟಗೊಂಡು 40ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಪುಡಿ ಸಿಡಿಯುವುದುಂಟೇ ಎಂದು ಕೇಳುವವರಿಗೆ ಇದಕ್ಕಿಂತ ಹತ್ತಿರದ ಉತ್ತರ ಬೇಕಿಲ್ಲ.

ಇನ್ನೊಂದು ಮಾತು: "ಫ್ಲೇಮ್‌ಪ್ರೂಫ್ ಮೋಟಾರ್, ಗ್ಯಾಸ್ ಒಳಗೆ ಹೋಗಲ್ಲ." ಹೋಗುತ್ತದೆ. ಫ್ಲೇಮ್‌ಪ್ರೂಫ್ ಕವಚದ ಕೆಲಸ ಒಳಗೇ ಸ್ಫೋಟವಾದರೆ ತಡೆದುಕೊಳ್ಳುವುದು, ಜೋಡಣೆಯ ಸಣ್ಣ ಸಂದಿಯಲ್ಲಿ ಜ್ವಾಲೆಯನ್ನು ತಣಿಸಿ ಹೊರಬಿಡುವುದು. ಆದ್ದರಿಂದ ಒಂದು ಬೋಲ್ಟ್ ಇಲ್ಲದ ಟರ್ಮಿನಲ್ ಬಾಕ್ಸ್, ಗೀರುಬಿದ್ದ ಅಂಚು, ಮಾಮೂಲಿ ಕೇಬಲ್ ಗ್ಲಾಂಡ್ ಇವೆಲ್ಲ ಆ ಕವಚವನ್ನು ಬರಿಯ ಭಾರದ ಡಬ್ಬಿಯಾಗಿಸುತ್ತವೆ. ಡ್ರೈವ್ ಪೆಟ್ಟಿಗೆಯ ಮೇಲಿನ ಐಪಿ 65 ದೂಳು, ನೀರಿನ ತಡೆಗಷ್ಟೇ ಸಂಬಂಧಿಸಿದ್ದು. ಅದೊಂದರಿಂದಲೇ ಪೆಟ್ಟಿಗೆ ಸ್ಫೋಟದ ಜಾಗಕ್ಕೆ ಯೋಗ್ಯವಾಗುವುದಿಲ್ಲ. ಡ್ರೈವ್ ಅನ್ನು ಅಪಾಯದ ಜಾಗದಿಂದ ಹೊರಗಿನ ಪ್ಯಾನೆಲ್ ಕೋಣೆಯಲ್ಲಿ ಇಡುವುದೇ ಮೇಲು.

ಆದರೆ ಹೊರಗಿಟ್ಟ ಮಾತ್ರಕ್ಕೆ ಕೆಲಸ ಮುಗಿಯಿತೇ? ಡ್ರೈವ್ ಕೊಡುವುದು ನಯವಾದ ಅಲೆಯಲ್ಲ, ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸಿದ ತುಣುಕುಗಳು. ಕೇಬಲ್ ಉದ್ದವಾದಷ್ಟೂ ಮೋಟಾರ್ ತುದಿಯಲ್ಲಿ ವೋಲ್ಟೇಜ್ ಚಿಮ್ಮುತ್ತದೆ. ಶಾಫ್ಟ್‌ನಲ್ಲಿ ಹುಟ್ಟುವ ವಿದ್ಯುತ್ ಬೇರಿಂಗ್ ಮೂಲಕ ಭೂಮಿಗೆ ಹರಿಯುತ್ತಾ ಸಣ್ಣ ಕಿಡಿಗಳಿಂದ ಅದನ್ನು ಕೊರೆಯುತ್ತದೆ. ಸುರಕ್ಷಿತ ಜಾಗದಲ್ಲಿ ಇದು ಬೇರಿಂಗ್ ಹಾಳಾಗುವ ನಷ್ಟ. ಜೋನ್ 1ರಲ್ಲಿ ಕಿಡಿಯ ಮೂಲ. ಕವಚವುಳ್ಳ ಕೇಬಲ್, ಡ್ರೈವ್ ತುದಿಯಲ್ಲಿ ಫಿಲ್ಟರ್, ಇನ್ಸುಲೇಟೆಡ್ ಬೇರಿಂಗ್, ಸರಿಯಾದ ಅರ್ಥಿಂಗ್ ಇದಕ್ಕೆ ಮದ್ದು.

ಕಡಿಮೆ ವೇಗದಲ್ಲಿ ಮೋಟಾರ್ ತಣ್ಣಗಿರುತ್ತದೆ ಎಂಬ ನಂಬಿಕೆಗೆ ಬ್ಲೋವರ್ ಯಾವುದು ಎಂದು ಕೇಳಿಯೇ ಉತ್ತರಿಸಬೇಕು. ಫ್ಯಾನ್ ಮಾದರಿಯ ಸೆಂಟ್ರಿಫ್ಯೂಗಲ್ ಆದರೆ ಹೊರೆಯೂ ಇಳಿಯುವುದರಿಂದ ತೊಂದರೆ ಕಡಿಮೆ. ಕೊಳಚೆ ಶುದ್ಧೀಕರಣದ ತೊಟ್ಟಿಗೆ ಗಾಳಿ ಊದುವ ಟ್ವಿನ್ ಲೋಬ್ ಬ್ಲೋವರ್ ಹಾಗಲ್ಲ. ಎದುರಿನ ಒತ್ತಡ ಬದಲಾಗದಿದ್ದರೆ ಅದು ಕೇಳುವ ಟಾರ್ಕ್ ಎಲ್ಲ ವೇಗದಲ್ಲೂ ಹೆಚ್ಚುಕಡಿಮೆ ಒಂದೇ; ಅದೇ ಹೊತ್ತಿಗೆ ಮೋಟಾರ್ ಬೆನ್ನಿನ ಫ್ಯಾನ್ ನಿಧಾನವಾಗುವುದರಿಂದ ಬಿಸಿ ಏರುತ್ತದೆ. ಟಿ3 ವರ್ಗದ ಮೋಟಾರ್‌ನ ಮೇಲ್ಮೈ 200 ಡಿಗ್ರಿ ಸೆಲ್ಸಿಯಸ್ ದಾಟಬಾರದು, ಟಿ4 ಆದರೆ 135. ವೈಂಡಿಂಗ್ ಒಳಗೆ ಬಿಸಿ ಗ್ರಹಿಸುವ ಥರ್ಮಿಸ್ಟರ್ ಮೋಟಾರನ್ನು ನೇರವಾಗಿ ಟ್ರಿಪ್ ಮಾಡಬೇಕು. ಪರದೆಯ ಮೇಲೆ ಎಚ್ಚರಿಕೆ ತೋರಿಸಿದರೆ ಸಾಲದು. ಡ್ರೈವ್ ಜೊತೆ ಬಳಸಬಹುದು ಎಂದು ಮೋಟಾರ್‌ನ ಪ್ರಮಾಣಪತ್ರದಲ್ಲಿ ಬರೆದಿದೆಯೇ, ಯಾವ ವೇಗದವರೆಗೆ ಎಂಬುದನ್ನೂ ನೋಡಬೇಕು. ಭಾರತದಲ್ಲಿ ಇದಕ್ಕೆ ಐಎಸ್/ಐಇಸಿ 60079 ಸರಣಿಯ ಮಾನಕಗಳಿವೆ. ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ) ಇಂಥ ಉಪಕರಣಗಳಿಗೆ ಅನುಮೋದನೆ ಕೊಡುತ್ತದೆ.

50 ಮೀರಿ 60 ಹರ್ಟ್ಜ್‌ಗೆ ಏರಿಸಿ ಹೆಚ್ಚು ಗಾಳಿ ಪಡೆಯುವ ಆಸೆಯೂ ಇದೆ. ಆಗ ಫ್ಯಾನ್ ಕೇಳುವ ಶಕ್ತಿ ಶೇ 73 ಹೆಚ್ಚು, ಇಂಪೆಲ್ಲರ್ ಮೇಲಿನ ಎಳೆತ ಶೇ 44 ಹೆಚ್ಚು. ಬಾಗಿದ ಅಲ್ಯುಮಿನಿಯಂ ಎಲೆಯೊಂದು ತುಕ್ಕು ಹಿಡಿದ ಕೇಸಿಂಗ್‌ಗೆ ಉಜ್ಜಿದರೆ ಹೊರಡುವ ಕಿಡಿ ಸಾಮಾನ್ಯ ಕಬ್ಬಿಣದ ಕಿಡಿಗಿಂತ ಬಹಳ ಬಿಸಿ. ಹೀಗೆ ಹೊರೆ ಹೆಚ್ಚಿ ಮೋಟಾರ್ ಸುಟ್ಟರೆ ಪೇಟೆಯ ಅಂಗಡಿಯಲ್ಲಿ ರಿವೈಂಡಿಂಗ್ ಮಾಡಿಸಿ ಮರುದಿನವೇ ಕೂರಿಸುವುದು ರೂಢಿ. ತಂತಿ ಸುತ್ತಿದ್ದು ಸರಿಯೇ ಇರಬಹುದು. ಆದರೆ ತೆರೆದ ಜೋಡಣೆಯ ಸಂದಿ ಅಳೆದು ನೋಡದೆ, ಥರ್ಮಿಸ್ಟರ್ ಮತ್ತೆ ಹಾಕದೆ ಮುಚ್ಚಿದ ಮೋಟಾರ್‌ಗೆ ಹಳೆಯ ಪ್ರಮಾಣಪತ್ರ ಅನ್ವಯಿಸುವುದಿಲ್ಲ, ನೇಮ್‌ಪ್ಲೇಟ್ ಎಷ್ಟೇ ಹೊಳೆಯುತ್ತಿರಲಿ.